ತೊಟ್ಟವರನ್ನು ಕಾಣದ ಹೊಲಿಗೆ

ಪುಣೆಯ ಖಡಕಿ ಬಜಾರಿನ ಸಂದಿಯೊಂದರಲ್ಲಿ, ಚಪ್ಪಲಿ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಸಿದ್ರಾಮಪ್ಪನವರ ಹೊಲಿಗೆ ಅಂಗಡಿ ಇದೆ. ಅಂಗಡಿ ಎಂದರೆ ದೊಡ್ಡ ಮಾತಾಯಿತು. ಒಂದು ಮಷೀನು, ಒಂದು ಸ್ಟೂಲು, ಅವರು ಒಳಗೆ ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ರವಿಕೆ, ಪ್ಯಾಂಟಿನ ತಂಟೆಗೆ ಅವರು ಹೋಗುವುದಿಲ್ಲ. ತಾಡಪತ್ರಿ, ಶಾಲೆಯ ಚೀಲ, ಬೈಕಿನ ಸೀಟಿನ ಕವರು, ಹೀಗೆ ಸಾಧಾರಣ ಸೂಜಿ ಮುರಿದುಬೀಳುವಂಥ ಕೆಲಸವಿದ್ದರೆ ಮಾತ್ರ ಕೈಗೆತ್ತಿಕೊಳ್ಳುತ್ತಾರೆ.

ಅದಕ್ಕೆ ಕಾರಣವಿದೆ. ಇಪ್ಪತ್ತಾರನೆಯ ವಯಸ್ಸಿಗೆ ಇಂಡಿ ತಾಲೂಕಿನಿಂದ ಪುಣೆಗೆ ಬಂದ ಸಿದ್ರಾಮಪ್ಪ ಮೂವತ್ತನಾಲ್ಕು ವರ್ಷ ಸೈನ್ಯದ ವರ್ಕ್‌ಶಾಪೊಂದರಲ್ಲಿ ಪ್ಯಾರಾಶೂಟಿನ ಪಟ್ಟಿಗಳನ್ನು ಹೊಲಿದರು. ಹೆಗಲ ಪಟ್ಟಿ, ಎದೆಯ ಪಟ್ಟಿ, ತೊಡೆಯ ಪಟ್ಟಿ. ಹೊಲಿದದ್ದು ತಪಾಸಣೆಗೆ ಹೋಗುತ್ತಿತ್ತು, ಅಲ್ಲಿಂದ ಪೆಟ್ಟಿಗೆಗೆ, ಪೆಟ್ಟಿಗೆ ಲಾರಿಗೆ. ಅದನ್ನು ತೊಟ್ಟ ಒಬ್ಬ ಮನುಷ್ಯನನ್ನೂ ಅವರು ಕಂಡವರಲ್ಲ. ಊಟದ ಹೊತ್ತಿಗೆ ವಿಮಾನದ ಸದ್ದು ಕೇಳಿದರೆ ಡಬ್ಬಿ ಮುಚ್ಚಿಟ್ಟು ಅಂಗಳಕ್ಕೆ ಓಡುತ್ತಿದ್ದರು. ನೋಡಿದರೆ ದಿಲ್ಲಿಗೋ ಮತ್ತೆಲ್ಲಿಗೋ ಹೋಗುವ ಪ್ರಯಾಣಿಕರ ವಿಮಾನ. ಸಂಜೆ ಮನೆಗೆ ಬಂದರೆ ಹೆಂಡತಿ ಭೀಮವ್ವನ ಚೇಷ್ಟೆ ಶುರುವಾಗುತ್ತಿತ್ತು.

"ಏನ್ರಿ, ಇವತ್ತರ ನಿಮ್ಮ ಪಟ್ಟಿ ಹಾಕ್ಕೊಂಡು ಯಾರರ ಹಾರಿದ್ರೇನು?"

ಮೊದಮೊದಲು ನಗುತ್ತಿದ್ದರು. ನಿವೃತ್ತಿಯ ದಿನ ಶಾಲು ಹೊದ್ದು, ತೆಂಗಿನಕಾಯಿ ಹಿಡಿದು ಬಂದಾಗಲೂ ಅವಳು ಅದನ್ನೇ ಕೇಳಿದಳು. ಅಂದು ನಗು ಬರಲಿಲ್ಲ. ತಾನು ಹೊಲಿದದ್ದು ಒಂದು ಜೀವವನ್ನು ಹಿಡಿದುಕೊಂಡಿರುವುದನ್ನು ಒಂದೇ ಒಂದು ಸಲ ಕಣ್ಣಾರೆ ನೋಡಬೇಕೆಂಬ ಆಸೆ, ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ, ಎಂಟು ವರ್ಷದಿಂದ ಅಲ್ಲೇ ಉಳಿದಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ರಕ್ಷಿತ ಬಂದಳು. ಮೈಸೂರಿನ ಕಡೆಯವಳು, ಹಿಂಜವಡಿಯಲ್ಲಿ ಐಟಿ ಕೆಲಸ, ರಜೆ ಸಿಕ್ಕರೆ ಸಮುದ್ರದಡಿ ಇಳಿಯುವ ಹುಚ್ಚು. ಚೀಲದಿಂದ ಕಪ್ಪು ಪಟ್ಟಿಗಳ ಗಂಟೊಂದನ್ನು ತೆಗೆದು ಹರಕು ಹಿಂದಿಯಲ್ಲಿ ವಿವರಿಸತೊಡಗಿದವಳು, ಸಿದ್ರಾಮಪ್ಪ ಪಟ್ಟಿಯನ್ನು ಬೆರಳಿನಲ್ಲಿ ಅಳೆಯುತ್ತ ಕನ್ನಡದಲ್ಲಿ ಎಣಿಸಿದ್ದು ಕೇಳಿ ಹಿಂದಿಯನ್ನು ಅಲ್ಲೇ ಬಿಟ್ಟಳು. ನೀರಿನಡಿ ಉಸಿರಾಡಲು ಬೇಕಾದ ಸಿಲಿಂಡರುಗಳನ್ನು ಕೆಲವರು ಬೆನ್ನಿಗೆ ಹೊರದೆ ಎರಡು ಪಕ್ಕೆಗೆ ನೇತುಹಾಕಿಕೊಳ್ಳುತ್ತಾರಂತೆ. ಅವನ್ನು ಹಿಡಿಯುವ ಪಟ್ಟಿಗಳು ಇವು. ಸ್ಕೂಟರಿನಿಂದ ಬಿದ್ದು ಅವಳ ಬಲಹೆಗಲು ಮುರಿದಿತ್ತು. ಈಗ ಪಟ್ಟಿ ಸರಿಯಾಗಿ ಅಲ್ಲೇ ಒತ್ತುತ್ತದೆ, ಬಲಗೈ ಎತ್ತಿ ಬಿಚ್ಚಿಕೊಳ್ಳಲು ಆಗುವುದಿಲ್ಲ. ತನ್ನ ಪಟ್ಟಿ ತಾನೇ ಬಿಚ್ಚಿಕೊಳ್ಳಲಾಗದವಳನ್ನು ಸಮುದ್ರಕ್ಕೆ ಬಿಡುವುದಿಲ್ಲ ಎಂದಿದ್ದಾರೆ ಕಲಿಸುವವರು. ಹೆಗಲಿಗೊಂದು ಮೆತ್ತೆ ಬೇಕು, ಎಡಗೈಗೆ ಎಟುಕುವಂತೆ ಎದೆಯ ಮೇಲೊಂದು ಬಕಲು ಬೇಕು.

ಸಿದ್ರಾಮಪ್ಪ ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಯೋಗದ ಮ್ಯಾಟು ಕತ್ತರಿಸಿ ಮೆತ್ತೆ ಮಾಡಿದರು, ಹೆಗಲ ಪಟ್ಟಿಯನ್ನು ತುಂಡರಿಸಿ ಜರುಗುವ ಬಕಲು ಕೂರಿಸಿದರು. ಅವಳು ಒಯ್ಯಲು ಬಂದಾಗ, ಹಾಕಿಕೊಳ್ಳುವಾಗ ನಾನೂ ಬಂದು ನೋಡಲೇ ಎಂದು ಕೇಳುವ ಮನಸ್ಸಾಯಿತು. ಕೇಳದೆ ಪಟ್ಟಿಗಳನ್ನು ಮಡಿಚಿ ಅವಳ ಕೈಗಿಟ್ಟರು. ಮೂವತ್ತನಾಲ್ಕು ವರ್ಷ ಕೇಳದವರಿಗೆ ಕೇಳುವ ಅಭ್ಯಾಸ ಎಲ್ಲಿಂದ ಬರಬೇಕು?

ಸೋಮವಾರ ಅವಳು ವಾಪಸು ಬಂದಳು. ಹೆಗಲು ಕೆಂಪಾಗಿತ್ತು. ಈಜುಕೊಳದಲ್ಲಿ ಹಾಕಿ ನೋಡಿದರೆ ಬಕಲು ಜರುಗಲೇ ಇಲ್ಲವಂತೆ, ಇಬ್ಬರು ಸೇರಿ ಬಿಚ್ಚಬೇಕಾಯಿತಂತೆ. ಹೊಲಿದದ್ದು ಗಟ್ಟಿ ಇದೆಯಲ್ಲ ಎಂದು ಸಿದ್ರಾಮಪ್ಪ ಬಿಗಿದುಕೊಂಡರು. ಗಟ್ಟಿಯಾದದ್ದೇ ತಪ್ಪಾಗಿತ್ತು. ಪಟ್ಟಿಯ ತುದಿ ಜೋತಾಡಬಾರದು, ಮಡಿಚಿ ಹೊಲಿದುಬಿಡಬೇಕು ಎಂಬುದು ವರ್ಕ್‌ಶಾಪಿನ ಕಟ್ಟಳೆ. ಕೈ ತಾನಾಗಿ ಅದನ್ನೇ ಮಾಡಿ, ತುದಿಯನ್ನು ಬಕಲಿನ ಮಗ್ಗುಲಲ್ಲೇ ಹೊಲಿದಿತ್ತು.

"ಅಂಕಲ್, ನೀರಿಗೆ ಇಳಿಯೋಕೆ ಮೈಗೆ ರಬ್ಬರ್ ಸೂಟ್ ಹಾಕ್ಕೋತೀವಲ್ಲ, ಮೇಲಿದ್ದಾಗ ಅದು ದಪ್ಪ ಇರುತ್ತೆ. ಕೆಳಗೆ ಹೋದ ಹಾಗೆ ನೀರು ಒತ್ತಿ ತೆಳ್ಳಗಾಗುತ್ತೆ. ಅಲ್ಲಿ ಪಟ್ಟಿ ಬಿಗಿ ಮಾಡ್ಕೋಬೇಕು, ಮೇಲೆ ಬಂದಾಗ ಸಡಿಲ ಮಾಡ್ಕೋಬೇಕು," ಎಂದಳು ರಕ್ಷಿತ. ಇನ್ನು ಹದಿನೈದು ದಿನದಲ್ಲಿ ಹೊರಡಲು ಅಂಡಮಾನಿಗೆ ಟಿಕೆಟ್ ಆಗಿತ್ತು. ಇದು ಸರಿಹೋಗದಿದ್ದರೆ ಇನ್ನು ಇಳಿಯುವುದನ್ನೇ ಬಿಟ್ಟುಬಿಡುವುದಾಗಿ ತಲೆ ತಗ್ಗಿಸಿ ಹೇಳಿದಳು.

ಸಿದ್ರಾಮಪ್ಪನವರಿಗೆ ನಾಚಿಕೆಯಾಯಿತು. ಪಟ್ಟಿ ಗೊತ್ತಿತ್ತು, ತೊಟ್ಟವರ ಮೈ ಗೊತ್ತಿರಲಿಲ್ಲ. ಬ್ಲೇಡು ತೆಗೆದುಕೊಂಡು ತಮ್ಮ ಹೊಲಿಗೆಯನ್ನು ತಾವೇ ಬಿಚ್ಚತೊಡಗಿದರು. ಬಿಚ್ಚುತ್ತಲೇ ಹೇಳಿದರು: "ಯವ್ವಾ, ನೀ ಹಾಕ್ಕೊಂಡದ್ದು ನಾ ನೋಡ್ಬೇಕು. ನೋಡಲಾರದ ಹೊಲದ್ರ ಮತ್ತ ಇದ ತಪ್ಪ ಮಾಡ್ತೀನಿ."

ಭಾನುವಾರ ಬೆಳಿಗ್ಗೆ ಔಂಧಿನ ಈಜುಕೊಳದ ಅಂಚಿನಲ್ಲಿ ಅವರು ಪೈಜಾಮ ಮಡಿಚಿ ನಿಂತಿದ್ದರು. ಪಟ್ಟಿಯ ತುದಿಗೆ ಈಗ ಒದ್ದೆ ಬೆರಳಿಗೂ ಸಿಗುವಂಥ ದೊಡ್ಡ ಕುಣಿಕೆ ಇತ್ತು, ಬಕಲು ಅತ್ತಿತ್ತ ಓಡಾಡಲು ಗೇಣುದ್ದ ಜಾಗವಿತ್ತು. ರಕ್ಷಿತ ತೊಟ್ಟಳು. ಇಳಿದಳು. ಮುಳುಗಿದಳು. ಗುಳ್ಳೆಗಳು ಹೋದ ಕಡೆಗೆ ಸಿದ್ರಾಮಪ್ಪನೂ ಅಂಚಿನುದ್ದಕ್ಕೆ ಬರಿಗಾಲಲ್ಲಿ ನಡೆದರು. ನೀರಿನಡಿ ಅವಳ ಎಡಗೈ ಎದೆಗೆ ಬಂತು, ಕುಣಿಕೆ ಎಳೆಯಿತು, ಪಟ್ಟಿ ಬಿಗಿಯಾಯಿತು. ಸ್ವಲ್ಪ ಹೊತ್ತಿಗೆ ಮೇಲೆ ಬಂದು, ಯಾರನ್ನೂ ಕರೆಯದೆ, ಅದೇ ಕೈಯಲ್ಲಿ ಸಡಿಲಿಸಿ ಪೂರ್ತಿ ಬಿಚ್ಚಿ ದಡದ ಮೇಲಿಟ್ಟಳು.

ಸಿದ್ರಾಮಪ್ಪನವರ ಕಣ್ಣು ತುಂಬಿತು. ನೀರಿಗೆ ಹಾಕಿದ ಔಷಧದ ಘಾಟು ಎನ್ನಬಹುದಿತ್ತು, ಎನ್ನಲಿಲ್ಲ. ಪೆಟ್ಟಿಗೆಯಲ್ಲಿ ಹೋದ ಸಾವಿರಾರು ಪಟ್ಟಿಗಳು ನೆನಪಾದವು. ಅವು ಯಾವ ಹೆಗಲ ಮೇಲೆ ಕೂತವೋ, ಯಾರಿಗೆ ಎಲ್ಲಿ ಒತ್ತಿದವೋ, ಅವರೆಲ್ಲ ಕ್ಷೇಮವಾಗಿ ನೆಲ ಮುಟ್ಟಿದರೋ. ಒಂದನ್ನು ಕಂಡರೆ ಆಸೆ ತೀರುತ್ತದೆ ಎಂದುಕೊಂಡಿದ್ದರು. ಈಗ ಎಲ್ಲವನ್ನೂ ಕಾಣಬೇಕೆನಿಸಿತು.

ಮನೆಯಲ್ಲಿ ಭೀಮವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಹಳೆಯ ಪ್ರಶ್ನೆಯನ್ನೇ ಕೇಳಿದಳು, ಯಾರಾದರೂ ಹಾರಿದರೇನು ಎಂದು.

"ಹಾರಲಿಲ್ಲ, ಮುಳುಗಿದ್ಲು," ಎಂದರು ಸಿದ್ರಾಮಪ್ಪ. "ಮ್ಯಾಲ ಬಂದು ತಾನ ಬಿಚ್ಚಿಕೊಂಡ್ಲು. ನಾ ನೋಡಿದೆ."

ಭೀಮವ್ವ ಗ್ಯಾಸು ಆರಿಸಿದಳು. ಹಿಟ್ಟಿನ ಕೈಯಲ್ಲೇ ಬಂದು ಗಂಡನ ಎದುರಿಗೆ ಕೂತು, "ಹೆಂಗ ಕಂಡ್ತು, ಹೇಳ್ರಿ," ಎಂದಳು.