ವರ್ನಮ್ಮನ ತೂಗುಕುರ್ಚಿ

ಹುಡುಗರಿಗೆ ಬುದ್ಧಿ ಹೇಳಬೇಕೆಂದರೆ ಮೊದಲು ಅವರ ಕೈಗೆ ಒಂದು ಸೇಬು, ಒಂದು ಚಾಕು ಕೊಡಬೇಕು. ಇದು ವರ್ನಾ ಟಾಲೆಫ್ಸನ್ ಹದಿನಾಲ್ಕು ವರ್ಷಗಳಲ್ಲಿ ಕಂಡುಕೊಂಡ ಸತ್ಯ. ಬರಿಗೈಯಲ್ಲಿ ಕೂತ ಹುಡುಗ ವಾದ ಮಾಡುತ್ತಾನೆ, ಸಿಪ್ಪೆ ಹೆರೆಯುವ ಹುಡುಗ ಕೇಳಿಸಿಕೊಳ್ಳುತ್ತಾನೆ.

ಅಯೋವಾದ ಲಿಂಡೆನ್‌ಬರ್ಗ್ ಎಂಬ ಸಣ್ಣ ಕಾಲೇಜು ಊರಿನಲ್ಲಿ, ಒಬ್ಬರನ್ನೊಬ್ಬರು ಸಹೋದರರೆಂದು ಕರೆದುಕೊಳ್ಳುತ್ತ ಒಟ್ಟಿಗೆ ವಾಸಿಸುವ ವಿದ್ಯಾರ್ಥಿಗಳ ಸಂಘದ ಕೆಂಪಿಟ್ಟಿಗೆಯ ಮನೆಯ ಹಿಂಭಾಗದಲ್ಲಿ, ಅಡುಗೆಮನೆಗೆ ತಾಗಿದ ಎರಡು ಕೋಣೆಗಳಲ್ಲಿ ಅವಳ ವಾಸ. ಮುಂಬಾಗಿಲ ಮೇಲೆ ಮೂರು ಗ್ರೀಕ್ ಅಕ್ಷರಗಳಿದ್ದವು. ಅವುಗಳ ಅರ್ಥ ಕೇಳಿದರೆ ಹುಡುಗರು ಗಂಭೀರವಾಗಿ "ಅದು ಗುಟ್ಟು" ಎನ್ನುತ್ತಿದ್ದರು. ಅರ್ಧ ಜನಕ್ಕೆ ಅದು ನೆನಪೂ ಇರಲಿಲ್ಲ. ಇಂಥ ಮೂವತ್ತೆಂಟು ಜನರ ಊಟ, ಜ್ವರ, ಪ್ರೇಮಭಂಗಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ನೇಮಕದ ಕಾಗದದಲ್ಲಿ ಆ ಹುದ್ದೆಯ ಹೆಸರೇ ‘ಮನೆಯ ತಾಯಿ’. ಮಕ್ಕಳಿಲ್ಲದ ಹೆಂಗಸಿಗೆ ಸರ್ಕಾರಿ ಮುದ್ರೆ ಒತ್ತಿದಂತೆ ಅಂಥ ಹೆಸರು ಸಿಕ್ಕಿದ್ದನ್ನು ನೆನೆದು ಅವಳು ಮೊದಲ ವರ್ಷ ಒಬ್ಬಳೇ ನಕ್ಕದ್ದುಂಟು. ಹುಡುಗರು ಅವಳನ್ನು ವರ್ನಮ್ಮ ಎಂದೇ ಕರೆಯುತ್ತಿದ್ದರು.

ಪ್ರತಿ ಸೆಪ್ಟೆಂಬರಿನಲ್ಲಿ ಸಂಘದವರು ತಮ್ಮಲ್ಲೊಬ್ಬನನ್ನು ದಾನಧರ್ಮಕ್ಕೆ ಹಣ ಕೂಡಿಸುವ ಕಾರ್ಯಕ್ರಮಗಳಿಗೆ ಮುಖ್ಯಸ್ಥನಾಗಿ ಆರಿಸುತ್ತಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಆರಿಸಿದ ಮರುದಿನವೇ ಆ ಹುಡುಗ ಹೊಸ ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಬರುತ್ತಿದ್ದ. ಪ್ರಪಂಚದಲ್ಲಿ ಯಾರಿಗೂ ಹೊಳೆಯದ್ದು ತನಗೆ ಹೊಳೆದಿದೆ ಎಂಬಂತೆ ಕಾರು ತೊಳೆಯುವುದು, ಪ್ಯಾನ್‌ಕೇಕ್ ಉಪಾಹಾರ, ಪ್ರೊಫೆಸರರ ಮುಖಕ್ಕೆ ಕೆನೆ ಎಸೆಯುವುದು ಎಂದು ಒಂದೊಂದಾಗಿ ಓದುತ್ತಿದ್ದ. ಅವಳು ಸೇಬಿನ ಬುಟ್ಟಿ ಮುಂದಿಡುತ್ತಿದ್ದಳು. "ನವೆಂಬರಲ್ಲಿ ಕಾರು ತೊಳೆದ್ರೆ ನೀರು ಬಾಗಿಲಿಗೇ ಹೆಪ್ಪುಗಟ್ಟತ್ತೆ, ಅಲ್ವೇನೋ?" ಎಂದು ಕೇಳುತ್ತಿದ್ದಳು. ಆರನೆಯ ಸೇಬಿಗೆ ಹುಡುಗ ತಾನಾಗಿಯೇ ಹೇಳುತ್ತಿದ್ದ: "ವರ್ನಮ್ಮಾ, ಆ ತೂಗುಕುರ್ಚಿದೇ ಮಾಡಿದ್ರೆ ಹೇಗೆ?"

"ಒಳ್ಳೇ ಯೋಚನೆ ಮಾಡ್ದೆ ಕಣೋ," ಎನ್ನುತ್ತಿದ್ದಳು ವರ್ನಮ್ಮ.

ಬೀದಿಗೆ ಮುಖಮಾಡಿದ ಗಾಜಿನ ಜಗುಲಿಯಲ್ಲಿ ಒಂದು ತೂಗುಕುರ್ಚಿ ಹಾಕುತ್ತಾರೆ. ಶನಿವಾರ ಮಧ್ಯಾಹ್ನ ಹನ್ನೆರಡರಿಂದ ಭಾನುವಾರ ಮಧ್ಯಾಹ್ನ ಹನ್ನೆರಡರವರೆಗೆ ಇಪ್ಪತ್ತನಾಲ್ಕು ಸಹೋದರರು ಗಂಟೆಗೊಬ್ಬರಂತೆ ಕೂತು ತೂಗುತ್ತಾರೆ. ಹೋಗಿ ಬರುವವರು ಡಬ್ಬಿಗೆ ಕಾಸು ಹಾಕುತ್ತಾರೆ. ಮಕ್ಕಳ ಆಸ್ಪತ್ರೆಗೆ ದೂರದಿಂದ ಬಂದ ತಾಯ್ತಂದೆಯರು ಮಲಗಲೆಂದು ಪಕ್ಕದ ಪಟ್ಟಣದಲ್ಲೊಂದು ಮನೆಯಿದೆ, ಆ ಕಾಸು ಅಲ್ಲಿಗೆ ಹೋಗುತ್ತದೆ. ಜಗುಲಿಯ ಗೋಡೆಯ ರಟ್ಟಿನ ಮೇಲೆ ಎರಡೇ ನಿಯಮ: ಕುರ್ಚಿ ನಿಲ್ಲಬಾರದು. ಸಹೋದರರಲ್ಲದೆ ಬೇರೆ ಯಾರೂ ಕೂರಬಾರದು. ಒಂದು ವರ್ಷ ಯಾರೋ ತನ್ನ ಪಾಳಿಗೆ ನಾಯಿಯನ್ನು ಕೂರಿಸಿ ಸಿನಿಮಾಕ್ಕೆ ಹೋಗಿದ್ದನಂತೆ. ಎರಡನೆಯ ಸಾಲು ಬಂದದ್ದು ಅಲ್ಲಿಂದ.

ಆ ಕುರ್ಚಿ ವರ್ನಮ್ಮನದು. ಅದರಲ್ಲಿ ಅವಳು ಒಂದು ಸಲವೂ ಕೂತಿರಲಿಲ್ಲ.

ಅದನ್ನು ಮಾಡಿದವನು ಅವಳ ಗಂಡ ಆರ್ವಿಡ್. ಮದುವೆಯಾದ ಮೂರನೆಯ ಚಳಿಗಾಲದಲ್ಲಿ, ಬಿರುಗಾಳಿಗೆ ಬಿದ್ದ ಆಕ್ರೋಟ ಮರವನ್ನು ಕೊಯ್ದು, ಕೊಟ್ಟಿಗೆಯಲ್ಲಿ ಸೀಮೆಎಣ್ಣೆ ಒಲೆಯ ಪಕ್ಕ ಕೂತು ಮಾಡಿದ್ದ. ಆಗ ಅವಳಿಗೆ ಮೂರು ತಿಂಗಳು. ಮುಗಿದ ದಿನ "ಕೂತು ನೋಡೇ" ಎಂದಾಗ ಅವಳು ತಲೆಯಾಡಿಸಿದ್ದಳು. "ಈಗಲ್ಲ. ಇಬ್ಬರಾಗಿ ಕೂರ್ತೀವಿ." ತಮಾಷೆಗೆ ಆಡಿದ ಮಾತು. ಆ ಮಗು ಉಳಿಯಲಿಲ್ಲ, ಅದರ ಹಿಂದಿನದೂ ಉಳಿದಿರಲಿಲ್ಲ, ಆಮೇಲೆ ಯಾವುದೂ ಬರಲಿಲ್ಲ. ತಮಾಷೆಯ ಮಾತು ಹರಕೆಯಾಗಿ ಗಟ್ಟಿಯಾಯಿತು. ನಡುಮನೆಯ ಕಿಟಕಿಯ ಬಳಿ ಕುರ್ಚಿ ಇತ್ತು, ಅವಳು ಧೂಳು ಒರೆಸುತ್ತಿದ್ದಳು, ಒರೆಸುವಾಗ ಅದು ತಾನಾಗಿ ಒಂದೆರಡು ಸಲ ತೂಗುತ್ತಿತ್ತು. ಆರ್ವಿಡ್ ಏನೂ ಕೇಳುತ್ತಿರಲಿಲ್ಲ. ಅವನು ಸತ್ತ ಮೇಲೆ ಮನೆ ಮಾರಿ ಈ ಹುದ್ದೆಗೆ ಬಂದಾಗ ಅವಳು ಹಿಂದೆ ಕಟ್ಟಿಕೊಂಡು ತಂದ ದೊಡ್ಡ ಸಾಮಾನು ಅದೊಂದೇ. ಯಾರಾದರೂ ತೂಗಲಿ ಎಂಬ ಆಸೆ ಇತ್ತು, ಅಷ್ಟೇ. ಆರಡಿ ಎತ್ತರದ ಗಡ್ಡದ ಹುಡುಗರು ಅದರಲ್ಲಿ ತೂಗುತ್ತ ತೂಕಡಿಸುವುದನ್ನು ಅಡುಗೆಮನೆಯ ಬಾಗಿಲಿಂದ ನೋಡುವಾಗ, ಆ ಒಂದು ದಿನದ ಮಟ್ಟಿಗೆ, ಅವಳಿಗೆ ತನ್ನ ಮನೆ ತುಂಬಿದೆ ಎನ್ನಿಸುತ್ತಿತ್ತು.

ಹುಡುಗರಿಗೆ ಕುರ್ಚಿಯ ಮೇಲೆ ಒಂದೇ ದೂರು. "ಈ ಎಡಗಡೆ ಕೈ ಯಾಕಮ್ಮ ಇಷ್ಟು ಅಗಲ? ಬಲಗಡೇದಕ್ಕಿಂತ ಎತ್ತರಾನೂ ಇದೆ. ಭುಜ ನೋಯತ್ತೆ."

"ಮಾಡಿದವರಿಗೆ ಲೆಕ್ಕ ತಪ್ಪಿರಬೇಕು," ಎನ್ನುತ್ತಿದ್ದಳು ಅವಳು. ಅವಳೂ ಹಾಗೇ ಅಂದುಕೊಂಡಿದ್ದಳು. ಅಗಲವಾದ ಆ ಕೈ ಮೇಲೆ ಹುಡುಗರು ಕಾಫಿ ಲೋಟ ಇಡುತ್ತಿದ್ದರು.

ಈ ವರ್ಷ ಸೇಬಿನ ಉಪಾಯ ನಡೆಯಲಿಲ್ಲ. ಆರಿಸಿಬಂದ ಕಾರ್ಸ್ಟನ್ ಎಂಬ ಹುಡುಗ ಸಣ್ಣಗೆ, ಚುರುಕಾಗಿ ಇದ್ದ. ಒಂಬತ್ತು ಸೇಬು ಹೆರೆದರೂ ಹಿಡಿದ ಹಟ ಬಿಡಲಿಲ್ಲ.

"ಈ ಸಲ ಹೇಗೋ ಆಗ್ಲಿ ವರ್ನಮ್ಮ, ಎಲ್ಲರಿಗೂ ಹೇಳಾಗಿದೆ. ಆದ್ರೆ ಇದೇ ಕೊನೆ. ಒಬ್ಬ ಕೂತು ತೂಗೋದನ್ನ ಯಾರ್ ನಿಂತು ನೋಡ್ತಾರೆ? ಮುಂದಿನ ವರ್ಷದಿಂದ ಚೆಂಡಾಟದ ಪಂದ್ಯ. ಮೈದಾನ ಕೂಡ ಮಾತಾಡಿದೀನಿ."

"ಕುರ್ಚಿ ಏನ್ಮಾಡ್ತೀಯೋ?"

"ನೀವು ಹೇಗೂ ಮೇ ತಿಂಗಳಲ್ಲಿ ಕೆಲಸ ಬಿಟ್ಟು ತಂಗಿ ಮನೆಗೆ ಅರಿಜೋನಾಕ್ಕೆ ಹೊರಟುಬಿಡ್ತೀರಲ್ಲ. ತಗೊಂಡ್ಹೋಗಿ."

"ಅವಳ ಮನೇಲಿ ಇಲಿ ತಿರುಗೋಕೂ ಜಾಗ ಇಲ್ಲ," ಎಂದು ಅವಳು ಹತ್ತನೆಯ ಸೇಬನ್ನು ತಾನೇ ಹೆರೆದಳು. ಎಪ್ಪತ್ತೊಂದು ವರ್ಷದ ಹೆಂಗಸು ಇಪ್ಪತ್ತರ ಹುಡುಗನ ಮುಂದೆ ಒಂದು ಕುರ್ಚಿಗಾಗಿ ಅಳುವುದುಂಟೇ? ಅಳಲಿಲ್ಲ. ಆದರೆ ಕುರ್ಚಿ ಯಾರದೋ ಪಾಲಾಗುವ ಮೊದಲು ಒಂದೇ ಒಂದು ಸಲ, ಅದು ತುಂಬಿದ ಮನೆಯಲ್ಲಿ ತೂಗುತ್ತಿರುವಾಗಲೇ, ತಾನೂ ಕೂರಬೇಕು ಎಂಬ ಆಸೆ ಹುಟ್ಟಿತು. ನಲವತ್ತೆರಡು ವರ್ಷ ಇಲ್ಲದ ಆಸೆ. ಬೇರೆ ದಿನ ಬಾಗಿಲು ಹಾಕಿಕೊಂಡು ಕೂರಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಖಾಲಿ ಕೋಣೆಯಲ್ಲಿ ಖಾಲಿ ಕೈಯಲ್ಲಿ ಕೂರಲು ಅವಳಿಗೆ ಧೈರ್ಯವಿರಲಿಲ್ಲ.

ಕಾರ್ಸ್ಟನ್ ಪಾಳಿಯ ಪಟ್ಟಿ ತಂದು ಫ್ರಿಜ್ಜಿಗೆ ಅಂಟಿಸಿದ. ಗೆರೆ ಎಳೆದು ನೀಟಾಗಿ ಬರೆದ ಇಪ್ಪತ್ತನಾಲ್ಕು ಹೆಸರು. ನವೆಂಬರಿನ ಮೊದಲ ಶನಿವಾರ ಫುಟ್‌ಬಾಲ್ ತಂಡ ಪರವೂರಿಗೆ ಹೋಗುತ್ತದೆ, ಊರಲ್ಲಿ ಪಂದ್ಯದ ಗದ್ದಲ ಇರುವುದಿಲ್ಲ ಎಂದು ಆ ದಿನ ಹಿಡಿದಿದ್ದ. ಪಟ್ಟಿಯ ಪಕ್ಕದಲ್ಲೇ ಕ್ಯಾಲೆಂಡರ್ ತೂಗುತ್ತಿತ್ತು. ಆ ಭಾನುವಾರದ ಚೌಕದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು: ಗಡಿಯಾರ ಒಂದು ಗಂಟೆ ಹಿಂದಕ್ಕೆ. ಬೇಸಿಗೆಗೆಂದು ಮುಂದಿಟ್ಟ ಗಡಿಯಾರವನ್ನು ಚಳಿಗಾಲಕ್ಕೆ ಹಿಂದಿಡುವುದರಿಂದ, ವರ್ಷಕ್ಕೊಮ್ಮೆ ದೇಶವೆಲ್ಲ ನಿದ್ದೆಯಲ್ಲಿರುವಾಗ ಒಂದು ಗಂಟೆ ಎರಡು ಸಲ ಬರುವ ದಿನ ಅದು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಈ ಸಲ ಇಪ್ಪತ್ತೈದು ಗಂಟೆ.

ವರ್ನಮ್ಮ ಪಟ್ಟಿ ನೋಡಿದಳು, ಕ್ಯಾಲೆಂಡರ್ ನೋಡಿದಳು. ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಹುಡುಗರ ಎಷ್ಟು ತಪ್ಪುಗಳನ್ನು ಅವಳು ಸದ್ದಿಲ್ಲದೆ ತಿದ್ದಿದ್ದಳು! ಈ ಸಲ ಬಾಯಿಗೆ ಬೀಗ ಹಾಕಿಕೊಂಡಳು. ಹೆಸರಿಲ್ಲದ ಒಂದು ಗಂಟೆ ಎಲ್ಲಿ ಬೀಳುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ರಾತ್ರಿಯ ಪಾಳಿಗಳೆಲ್ಲ ಹೊಸದಾಗಿ ಸೇರಿದ ಹುಡುಗರವು. ಅವರು ಕುರ್ಚಿಯ ಸುತ್ತ ನೆಲದ ಮೇಲೆ ಹಾಸಿಕೊಂಡು ಮಲಗಿ, ಗೋಡೆ ಗಡಿಯಾರ ನೋಡಿ ಒಬ್ಬರನ್ನೊಬ್ಬರು ಒದ್ದು ಎಬ್ಬಿಸುವುದು ವಾಡಿಕೆ. ಫೋನು ಕೈಯಲ್ಲಿದ್ದರೆ ನಿದ್ದೆ ಮಾಡುವುದಿಲ್ಲವೆಂದು ಅವನ್ನೆಲ್ಲ ಅವಳೇ ಬ್ರೆಡ್ಡಿನ ಬುಟ್ಟಿಗೆ ಹಾಕಿಸುತ್ತಿದ್ದಳು. ಗೋಡೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವುದು ಭಾನುವಾರದ ಕಾಫಿಯಾದ ಮೇಲೆಯೇ, ಅದು ಆರ್ವಿಡ್ ಕಲಿಸಿದ ಪದ್ಧತಿ. ಬೆಳಗ್ಗೆ ಏಳಕ್ಕೆ ಕೂರಬೇಕಾದವನು ಸಂಘದ ಅಧ್ಯಕ್ಷ ಪ್ರೆಸ್ಕಾಟ್. ಅವನು ಮಹಡಿಯ ಮೇಲೆ ತನ್ನ ಫೋನನ್ನೇ ನಂಬಿ ಮಲಗುವವನು. ಫೋನಿನ ಗಡಿಯಾರ ರಾತ್ರಿಯೇ ತಾನಾಗಿ ಹಿಂದಕ್ಕೆ ಹೋಗಿರುತ್ತದೆ. ಗೋಡೆಯ ಏಳು ಅವನ ಪಾಲಿಗೆ ಆರು.

ಭಾನುವಾರ ಮುಂಜಾನೆ ಅವಳು ನೀಲಿ ಸ್ವೆಟರ್ ಹಾಕಿಕೊಂಡು ಜಗುಲಿಗೆ ಬಂದಳು. ಹೊರಗೆ ಮಂಜು. ಬೀದಿಯ ಮೇಪಲ್ ಮರಗಳ ಬುಡ ಮಾತ್ರ ಕಾಣುತ್ತಿತ್ತು. ಒಳಗೆ ಏಳು ಹುಡುಗರು ಅಡ್ಡಾದಿಡ್ಡಿಯಾಗಿ ಮಲಗಿದ್ದರು. ಎಂಟನೆಯವನು ಟಕರ್, ಕಾಲೇಜಿನ ಹಸುಗಳ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹುಡುಗ, ಕುರ್ಚಿಯಲ್ಲಿ ತೂಗುತ್ತಿದ್ದ. ಗಡಿಯಾರ ಏಳು ಹೊಡೆಯಿತು.

"ಪ್ರೆಸ್ಕಾಟ್ ಬರಲೇ ಇಲ್ವಲ್ಲ, ವರ್ನಮ್ಮ. ನಾನು ಹಾಲು ಕರಿಯೋಕೆ ಹೋಗ್ಬೇಕು."

ಅವಳು ಬುಟ್ಟಿಯಿಂದ ಅವನ ಫೋನು ತೆಗೆದುಕೊಟ್ಟಳು. ಅವನು ಕಣ್ಣು ಬಿಟ್ಟ. "ಇದು ಆರು ಅಂತಿದೆ! ಗೋಡೆ ಏಳು ಅಂತಿದೆ! ನಾನು ಈಗ ಹೋಗ್ಲೋ ಬೇಡ್ವೋ?"

"ಹಸುಗಳನ್ನ ಕೇಳು ಹೋಗು."

"ಅವಕ್ಕೆ ಕೆಚ್ಚಲೇ ಗಡಿಯಾರ ಬಿಡಿ, ಇಷ್ಟೊತ್ತಿಗೆ ಕೂಗಾಡ್ತಿರ್ತವೆ," ಎಂದು ಅವನು ನಕ್ಕ. "ಇವರಲ್ಲಿ ಯಾರನ್ನಾದ್ರೂ ಎಬ್ಬಿಸ್ಲಾ?"

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. "ಬೇಡ. ನಾನು ನೋಡ್ಕೋತೀನಿ. ನೀನು ಟೋಪಿ ಹಾಕ್ಕೊಂಡು ಹೋಗು, ಚಳಿ ಇದೆ."

ಅವನು ಇಳಿದ. ಕುರ್ಚಿ ನಿಲ್ಲಲಿಲ್ಲ, ಅವಳ ಕೈಯಲ್ಲಿ ಖಾಲಿಯಾಗಿ ತೂಗಿತು. ಬಾಗಿಲು ಮುಚ್ಚಿದ ಸದ್ದಾಯಿತು. ಕಾಲ ಬಳಿ ಮಲಗಿದ್ದವನ ಭುಜ ತಟ್ಟಿದ್ದರೆ ಅವನು ಎದ್ದು ಕೂರುತ್ತಿದ್ದ, ನಿಯಮಕ್ಕೆ ಭಂಗವೂ ಬರುತ್ತಿರಲಿಲ್ಲ. ಅವಳ ಕೈ ಅತ್ತ ಹೋಯಿತು ಕೂಡ. ಅವಳಿಗೆ ನಿಜವಾಗಿ ಭಯವಾಗಿತ್ತು. ಕೂತರೆ ಇಷ್ಟು ವರ್ಷ ಹಿಡಿದಿಟ್ಟದ್ದೆಲ್ಲ ಒಡೆದುಹೋದರೆ? ಕೂರದಿದ್ದರೆ ಮಾತ್ರ ಏನು ಉಳಿಯುತ್ತದೆ? ಅವಳು ಕುರ್ಚಿಯ ಮುಂದೆ ಬಂದು, ನದಿಯ ನೀರಿಗಿಳಿಯುವವಳಂತೆ ಹುಷಾರಾಗಿ, ಕೂತಳು.

ಅವಳ ಪಾದಗಳು ನೆಲವನ್ನು ಸರಿಯಾಗಿ ಮುಟ್ಟಿದವು. ಆರಡಿಯ ಹುಡುಗರ ಮೊಣಕಾಲು ಎದೆಗೇರಿಸುತ್ತಿದ್ದ ಕುರ್ಚಿ ಅವಳಿಗೆ ಹೊಲಿಸಿದ ರವಿಕೆಯಂತೆ ಕೂಡಿಬಂತು. ಬಲಗೈ ಬಲಗಡೆ ಇಳಿಯಿತು. ಎಡಗೈ ತಾನಾಗಿ ಮಡಿಚಿ ಆ ಅಗಲವಾದ ಮರದ ಮೇಲೆ ಒರಗಿತು. ಮೊಣಕೈಯಿಂದ ಬೆರಳವರೆಗೆ ಇಡೀ ತೋಳಿಗೆ ಅಲ್ಲಿ ಜಾಗವಿತ್ತು. ಎಳೆಯ ತಲೆಯನ್ನು ಹೊತ್ತ ತೋಳು ಗಂಟೆಗಟ್ಟಲೆ ಸೋಲದಷ್ಟು ಎತ್ತರವಿತ್ತು. ಆರ್ವಿಡ್‌ಗೆ ಲೆಕ್ಕ ತಪ್ಪಿರಲಿಲ್ಲ. ಅವನು ಅವಳ ಅಳತೆ ತೆಗೆದುಕೊಂಡು, ಅವಳು ಎಡಗೈಯಲ್ಲಿ ಎತ್ತಿಕೊಳ್ಳುವವಳೆಂದು ತಿಳಿದು, ಮಾಡಿದ್ದ. ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ವರ್ನಮ್ಮ ತೂಗುತ್ತ ಅತ್ತಳು, ಮನಸ್ಸಿಗೆ ಬಂದಷ್ಟು ಅತ್ತಳು. ಗಾಜಿನ ಆಚೆ ಮಂಜು ನಿಧಾನವಾಗಿ ಬೆಳ್ಳಗಾಗುತ್ತಿತ್ತು, ಎಲೆಗಳು ಸದ್ದಿಲ್ಲದೆ ಬೀಳುತ್ತಿದ್ದವು. ಅದು ನಿನ್ನೆಗೂ ಸೇರದ, ಇವತ್ತಿಗೂ ಸೇರದ ಹೊತ್ತು. ಹಳೆಯ ಮನೆಯ ಕೊಟ್ಟಿಗೆಯ ಕಡೆಯಿಂದ ಆಕ್ರೋಟ ಮರದ ಹೊಟ್ಟಿನ ವಾಸನೆ ಬಂದಂತಾಯಿತು, ಯಾರೋ ಸೀಮೆಎಣ್ಣೆ ಒಲೆಯ ಬತ್ತಿ ಏರಿಸಿದಂತಾಯಿತು.

"ವರ್ನಮ್ಮಾ?"

ಕಾರ್ಸ್ಟನ್ ಬಾಗಿಲಲ್ಲಿ ಕಂಬಳಿ ಹೊದ್ದು ನಿಂತಿದ್ದ. ಎಲ್ಲ ಸರಿಯಾಗಿ ನಡೆಯುತ್ತಿದೆಯೇ ಎಂದು ರಾತ್ರಿಯಿಡೀ ಮೇಲಿಂದ ಕೆಳಕ್ಕೆ ಓಡಾಡಿ ಅವನ ಕಣ್ಣುಗಳು ಕೆಂಪಾಗಿದ್ದವು. ಅವನ ದೃಷ್ಟಿ ಗೋಡೆಯ ರಟ್ಟಿನ ಎರಡನೆಯ ಸಾಲಿಗೆ ಹೋಯಿತು.

"ಇದು ಪ್ರೆಸ್ಕಾಟ್‌ದು ಅಲ್ವಾ?"

"ಅವನದು ಇನ್ನೂ ಬಂದಿಲ್ಲ. ಇದು ನಿನ್ನ ಪಟ್ಟೀಲಿ ಇಲ್ಲದ ಗಂಟೆ. ಕ್ಯಾಲೆಂಡರ್ ನೋಡ್ದೆ ದಿನ ಇಟ್ಟೆಯಲ್ಲೋ ಜಾಣ."

ಅವನು ಬೆರಳು ಮಡಿಚಿ ಎಣಿಸಿದ, ಮತ್ತೊಮ್ಮೆ ಎಣಿಸಿದ, ಹಣೆ ಚಚ್ಚಿಕೊಂಡ. "ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ನಿದ್ರಾ?"

"ಹೂಂ. ಸುಮ್ನಿದ್ದೆ. ಬೈಯೋದಿದ್ರೆ ಬೈಯಿ."

ಅವನು ಬೈಯಲಿಲ್ಲ. ಅವಳ ಒದ್ದೆ ಮುಖವನ್ನೂ ಮಡಿಚಿದ ಎಡಗೈಯನ್ನೂ ನೋಡಿದ. ಚುರುಕು ಹುಡುಗ, ಸೇಬಿಲ್ಲದೆಯೂ ಅರ್ಥವಾಗುವಂಥವನು. "ಆ ಕೈ... ಅದಕ್ಕೇ ಅಗಲಾನಾ?" ಎಂದು ಮೆಲ್ಲಗೆ ಕೇಳಿದ.

"ಅದಕ್ಕೇ ಕಣೋ. ನಂಗೂ ಈಗ್ಲೇ ಗೊತ್ತಾಗಿದ್ದು. ಮಗು ಬರ್ಲಿ ಆಮೇಲೆ ಕೂರ್ತೀನಿ ಅಂದಿದ್ದೆ. ಬರಲಿಲ್ಲ."

ಕಾರ್ಸ್ಟನ್ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪಟ್ಟಿ ಕಿತ್ತುತಂದ. ಆರಕ್ಕೂ ಏಳಕ್ಕೂ ನಡುವೆ ಒಂದು ಗೆರೆ ಎಳೆದು ಏನೋ ಬರೆದ. ಆಮೇಲೆ ಸ್ಟೂಲು ಎಳೆದುಕೊಂಡು ಕುರ್ಚಿಯ ಎಡಕ್ಕೆ ಕೂತ. "ಐದು ನಿಮಿಷ," ಎಂದು ಆ ಅಗಲವಾದ ಮರದ ಮೇಲೆ ಅವಳ ತೋಳಿಗೆ ತಲೆ ಒರಗಿಸಿದ. "ಮುಂದಿನ ವರ್ಷ ದಿನ ಇಡುವಾಗ ಕ್ಯಾಲೆಂಡರ್ ನೋಡ್ಬೇಕು ವರ್ನಮ್ಮ... ಇದೇ ಭಾನುವಾರ ಇಡ್ಬೇಕು. ಅರಿಜೋನಾದಿಂದ ವಿಮಾನ ಇದ್ಯಲ್ಲ..." ಎನ್ನುತ್ತ ಮಾತು ಮುಗಿಯುವ ಮೊದಲೇ ನಿದ್ದೆಹೋದ.

ಬಿಸಿಲು ಬಂತು. ಪ್ರೆಸ್ಕಾಟ್ ತಲೆ ಬಾಚಿಕೊಂಡು, ಕಾಫಿ ಹಿಡಿದು, ತನ್ನ ಫೋನಿನ ಏಳಕ್ಕೆ ಸರಿಯಾಗಿ ಮೆಟ್ಟಿಲು ದಡದಡ ಇಳಿದು ಬಂದ. ಬಾಗಿಲಲ್ಲಿ ಕಕ್ಕಾಬಿಕ್ಕಿಯಾಗಿ ನಿಂತು, "ವರ್ನಮ್ಮ, ನನ್ನ ಪಾಳಿ..." ಎಂದು ಗಟ್ಟಿಯಾಗಿ ಶುರುಮಾಡಿದ.

ಅವಳು ತೂಗುವುದನ್ನು ನಿಲ್ಲಿಸದೆ ತುಟಿಯ ಮೇಲೆ ಬಲಗೈ ಬೆರಳಿಟ್ಟಳು.

"ಶ್... ಮೆಲ್ಲಗೆ ಮಾತಾಡೋ. ಮಗು ಮಲಗಿದೆ."