ಸೋದರತ್ತಿಯ ಲೆಕ್ಕ ತಿದ್ದೂದು ಹೆಂಗ?

ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮ್ಯಾಲ ನನಗ ಒಂದು ಸಂಗತಿ ತಿಳೀತು. ಊರಿನ ಸಾಲ್ಯಾಗ ಮಾಸ್ತರಕಿ ಮಾಡಬೇಕಂದ್ರ ಹಾಜರಿ ಪುಸ್ತಕ ಒಂದ ಸಾಲೂದಿಲ್ಲ, ಅಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೂದೂ ಗೊತ್ತಿರಬೇಕು. ನಾ ಗೋಕಾಕದಾಂವ. ಮುಂಜಾನಿ ಬಸ್ ಹಿಡಿದು ಘೋಡಗೇರಿ ಕಡೆಯ ಒಂದು ಹೈಸ್ಕೂಲಿಗೆ ಹೋಗಿ, ಸಂಜೀಕ ಬಸ್ ಹಿಡಿದು ತಿರುಗಿ ಬರಾಂವ. ಮಕ್ಕಳ ಮಾರ್ಕ್ಸು ನನಗ ಬಾಯಿಪಾಠ ಇರತಿದ್ದವು. ಅವರ ಬೀಗರು-ಬಿಜ್ಜರ ಸುದ್ದಿ ತಗೊಂಡು ನಾ ಏನ ಮಾಡ್ಲಿ ಅಂತಿದ್ದೆ.

ಎರಡು ವರ್ಷದ ಹಿಂದ ಒಂದು ತರಬೇತಿ ಮುಗಿಸ್ಕೊಂಡು ಬಂದೆ. ತರಬೇತಿಯಿಂದ ಬಂದ ಮಾಸ್ತರ ಅಂದ್ರ ಹೊಸಾ ಅಳಿಯ ಇದ್ದಂಗ, ನಾಕು ದಿನಾ ಭಾಳ ಹುರುಪು. ಶ್ಯಾಣ್ಯಾ ಮಕ್ಕಳನ್ನ ಸಹಾಯಕ ಮಾಸ್ತರನ್ನ ಮಾಡ್ರಿ, ಹಿಂದ ಉಳಿದವರಿಗೆ ಅವರ ಕಡಿಂದ ಕಲಿಸ್ರಿ ಅಂತ ಅಲ್ಲಿ ಹೇಳಿದ್ರು. ಐವತ್ತೆಂಟು ಮಕ್ಕಳ ಹತ್ತನೇ ಕ್ಲಾಸು ಕಟ್ಟಿಕೊಂಡು ಏಗಾಕತ್ತಿದ್ದ ನನಗ ಇದು ಖರೇನ ಬೇಕಾಗಿತ್ತು. ಮಾರ್ಕ್ಸಿನ ಪಟ್ಟಿ ತಗೊಂಡೆ, ಮ್ಯಾಲಿನ ಹತ್ತು ಹೆಸರಿಗೂ ಕೆಳಗಿನ ಹತ್ತು ಹೆಸರಿಗೂ ಗೆರಿ ಎಳೆದು ಜೋಡಿ ಮಾಡಿದೆ. ಮ್ಯಾಲಿನವರಿಗೆ ಒಂದೊಂದು ಕೆಂಪು ಪೆನ್ನು ಕೊಟ್ಟು, “ತಪ್ಪು ಕಂಡಲ್ಲಿ ಸುತ್ತ ಗೆರಿ ಎಳದು ಗುಂಡ ಹಾಕ್ರಿ, ನಾಚಬ್ಯಾಡ್ರಿ” ಅಂತ ಸಣ್ಣ ಭಾಷಣಾನೂ ಬಿಗದೆ.

ಹಂಗ ಕೂಡಿದ ಒಂದು ಜೋಡಿ ಸವಿತಾ ಮತ್ತ ಕಸ್ತೂರಿ. ಸವಿತಾ ಕ್ಲಾಸಿಗೇ ಮೊದಲನೇದಾಕಿ. ಕಸ್ತೂರಿ ಕನ್ನಡ ನಿಬಂಧ ಛಂದ ಬರೀತಿದ್ಳು, ಗಣಿತ ಬಂತಂದ್ರ ಮಾರಿ ಸಪ್ಪಗ ಮಾಡತಿದ್ಳು. ಅವರಪ್ಪ ಒಮ್ಮೆ ಸಾಲಿಗೇ ಬಂದು ನನಗ ಹೇಳಿದ್ದ: “ಒಂದ ವಿಷಯದಾಗ ಬಿದ್ರೂ ಸಾಲಿ ಬಿಡಸಾಂವರಿ ಸರ್. ಪಾಸಾದ್ರ ಗೋಕಾಕ ಕಾಲೇಜಿಗೆ ಹಚ್ಚತೇನಿ.” ಮಾತಿನ ಮನಷ್ಯಾ ಅಂವ, ಎರಡರಾಗ ಯಾವದಾದ್ರೂ ನಡಸಾಂವನ. ಹುಡುಗಿ ಬಾಗಲದಾಗ ನಿಂತು ಎಲ್ಲಾ ಕೇಳಾಕತ್ತಿದ್ಳು.

ಮೂರು ವಾರ ಆತು. ಕಸ್ತೂರಿಯ ವಹಿ ತಗದು ನೋಡಿದ್ರ ಒಂದೂ ಕೆಂಪು ಗುಂಡ ಇಲ್ಲ, ಎಲ್ಲಾ ಲೆಕ್ಕ ಸರಿ. ಹೆಡ್‌ಮಾಸ್ತರ ಮುಂದ ಹೋಗಿ ನನ್ನ ಬೆನ್ನು ನಾನ ಚಪ್ಪರಿಸ್ಕೊಂಡೆ. ಮರುದಿನ ಒಂದು ಸಣ್ಣ ಪರೀಕ್ಷಾ ಇಟ್ಟೆ. ಕಸ್ತೂರಿಗೆ ಇಪ್ಪತ್ತೈದಕ್ಕ ಎರಡು ಬಂದವು.

ಸವಿತಾನ್ನ ಕರದು ಕೇಳಿದೆ. ಹುಡುಗಿ ಒಪ್ಪಿಕೊಂಡ್ಳು. ಲೆಕ್ಕ ಎಲ್ಲಾ ತಾನ ಬಿಡಿಸಿ ಕೊಡತಿದ್ಳಂತ, ಕಸ್ತೂರಿ ನೋಡಿ ಬರಕೋತಿದ್ಳಂತ.

“ಯಾಕವ್ವಾ ಹಿಂಗ ಮಾಡಿದಿ?”

“ಆಕಿ ನನಗ ಸೋದರತ್ತಿ ಆಗಬೇಕ್ರಿ ಸರ್.”

“ನಿನಗಿಂತ ಎರಡು ತಿಂಗಳ ಸಣ್ಣಾಕಿ ಅದಾಳಲ್ಲ!”

“ವಯಸ್ಸಿಗೆ ಸಣ್ಣಾಕಿರಿ, ವರಸಿಗೆ ದೊಡ್ಡಾಕಿ. ನಮ್ಮ ಮುತ್ಯಾನ ಸಣ್ಣ ತಮ್ಮನ ಮಗಳು, ನಮ್ಮಪ್ಪಗ ತಂಗಿ ಆಗಬೇಕು. ಅತ್ತಿ ಬರದದ್ದರ ಮ್ಯಾಲ ಕೆಂಪು ಗುಂಡ ಹೆಂಗ ಹಾಕ್ಲಿರಿ? ನಮ್ಮವ್ವಗ ಗೊತ್ತಾದ್ರ ಬಡೀತಾಳ್ರಿ.”

ಈ ಕಡೆ ಮೀಸಿ ಬೆಳ್ಳಗಾದ ಮನಷ್ಯಾ ಚಡ್ಡಿ ಹಾಕಿದ ಹುಡುಗಗ ‘ಕಾಕಾ’ ಅಂತ ಮರ್ಯಾದಿ ಕೊಡೂದನ್ನ ಬಸ್ಸಿನ್ಯಾಗ ಎಷ್ಟೋ ಸರ್ತಿ ನೋಡೇನಿ, ನಕ್ಕೇನಿ. ಅದ ವರಸಿ ನನ್ನ ಕ್ಲಾಸಿನ್ಯಾಗೂ ಬೆಂಚಿನ ಮ್ಯಾಲ ಕುಂತಿರತೈತಿ ಅನ್ನೂದು ಮಾತ್ರ ಹೊಳದಿರಲಿಲ್ಲ. ಹಂಗ ನೋಡಿದ್ರ ಮಕ್ಕಳ ಕಡಿಂದ ಮಕ್ಕಳಿಗೆ ಕಲಿಸೂದು ನಮಗೇನು ಹೊಸಾದಲ್ಲ. ಹಿಂದಕ ನಮ್ಮ ಜಗಲಿ ಸಾಲಿಗಳೊಳಗ ದೊಡ್ಡ ಹುಡುಗ ಸಣ್ಣವನ ಕೈ ಹಿಡಿದು ಉಸುಕಿನ ಮ್ಯಾಲ ಅಕ್ಷರ ತಿದ್ದಸತಿದ್ದ. ಬಿಳಿ ಮಂದಿ ಅದನ್ನ ಕಂಡು ಮೆಚ್ಚಿ ತಮ್ಮ ದೇಶಕ್ಕ ಒಯ್ದ್ರು ಅಂತಾರ. ಈಗ ಅದ ಮಾಲು ಹೊಸಾ ಹೆಸರು ಇಟಕೊಂಡು ತರಬೇತಿ ರೂಪದಾಗ ನನಗ ತಿರುಗಿ ಬಂದಿತ್ತು. ಬರೂವಾಗ ಆ ಸಣ್ಣವ ದೊಡ್ಡವಗ ಏನಾಗಬೇಕಾಗಿತ್ತು ಅನ್ನೂದನ್ನ ಯಾರೋ ದಾರ್ಯಾಗ ಬಿಟ್ಟು ಬಂದಿದ್ರು.

ಜೋಡಿ ಬದಲಿ ಮಾಡೂಣು ಅಂತ ಬಿಸಿಯೂಟದ ಅಡಗಿ ಮಾಡೋ ಗಂಗವ್ವನ ಹತ್ರ ಪಟ್ಟಿ ಒಯ್ದೆ. ಊರಿನ ಸಂಬಂಧ ಎಲ್ಲಾ ಆಕಿಗೆ ಗೊತ್ತು. ನಾ ಒಂದೊಂದ ಹೆಸರು ಓದಿದಂಗ ಆಕಿ, “ಇಕಿ ಆಕಿಗೆ ಮಾವಶಿ, ಇಂವ ಅಂವಗ ಕಾಕಾ, ಇವರಿಬ್ಬರ ಮನಿಯಾಗ ಮಾತು ಬಿಟ್ಟಾರ್ರಿ” ಅನಕೋತ ಹೊಂಟ್ಳು. ಕಡೀಕ ಯಾರೂ ಯಾರಿಗೂ ಏನೂ ಆಗಲಾರದ ಜೋಡಿ ಒಂದೂ ಉಳೀಲಿಲ್ಲ. ತಲಿ ಮ್ಯಾಲ ಕೈ ಹೊತ್ತು ಕುಂತ ನನ್ನ ನೋಡಿ, ಸಾರು ತಿರುವಿಕೋತ ಆಕಿ ಅಂದ್ಳು:

“ಹಿರ್ಯಾರಿಗೆ ತಪ್ಪಂತ ಹೇಳಬಾರದು, ಖರೆ ಐತ್ರಿ ಸರ್. ಆದ್ರ ಕೇಳಾಕ ಯಾರ ಬ್ಯಾಡಂದಾರ? ನಮ್ಮತ್ತಿ ಸಾರಿಗೆ ಉಪ್ಪು ಹಾಕೂದು ಮರತಿದ್ರ ನಾ ‘ಮರತೀರಿ’ ಅಂತಿದ್ದಿಲ್ಲ. ‘ಯವ್ವಾ, ಉಪ್ಪು ಯಾವಾಗ ಹಾಕೂದ್ರಿ?’ ಅಂತ ಕೇಳತಿದ್ದೆ.”

ಮೂರು ದಿನದ ತರಬೇತಿಯೊಳಗ ಯಾರೂ ಹೇಳಲಾರದ್ದನ್ನ ಆಕಿ ಸೌಟು ಕೈಯಾಗ ಹಿಡಕೊಂಡು ಹೇಳಿಬಿಟ್ಳು. ಮರುದಿನ ಕೆಂಪು ಪೆನ್ನು ತಿರುಗಿ ಇಸಕೊಂಡೆ. ಹೊಸಾ ಕಾಯ್ದೆ ಒಂದ: ಸಹಾಯಕರು ಹೇಳಬಾರದು, ತಿದ್ದಬಾರದು, ಬರೇ ಕೇಳಬೇಕು. ಸವಿತಾನ ಮಾರಿ ಅರಳಿತು. ಅತ್ತಿ ಮುಂದ ಕುಂತು, “ಅತ್ತಿ, ಈ ಏಳು ಇಲ್ಲಿ ಹೆಂಗ ಬಂತು?” ಅಂತ ಶುರು ಮಾಡಿದ್ಳು.

ಪ್ಯಾಚಿಗೆ ಬಿದ್ದಾಕಿ ಈಗ ಕಸ್ತೂರಿ. ವರಸಿಯೊಳಗ ದೊಡ್ಡಾಕಿ ಆದ ಮ್ಯಾಲ ಸೊಸಿ ಸವಿತಾನ ಮುಂದ ದಿನಾ ‘ಗೊತ್ತಿಲ್ಲ’ ಅನ್ನಾಕ ಬರತೈತೇನು? ಒಂದು ವಾರದಾಗ ಆಕಿ ಊಟದ ಬಿಡುವಿನ್ಯಾಗ ನನ್ನ ಹತ್ರ ಬರಾಕ ಶುರು ಮಾಡಿದ್ಳು. ಮೊದಲ ಬಾಗಲ ಕಡೆ ಒಮ್ಮೆ ನೋಡಿ, “ಸರ್, ಏಳು ಅಲ್ಲಿ ಹೆಂಗ ಬಂತ್ರಿ? ಲಗೂನ ಹೇಳ್ರಿ, ಆಕಿ ಕೇಳತಾಳ” ಅಂತಿದ್ಳು. ಮೂರು ವರ್ಷದಾಗ ಆಕಿ ನನಗ ಕೇಳಿದ ಮೊದಲನೇ ಸಂಶಯ ಅದು. ನನಗ ಎಷ್ಟು ಸಂತೋಷ ಆತಂದ್ರ ಉತ್ತರ ಎರಡು ಸರ್ತಿ ಹೇಳಿದೆ.

ಕಸ್ತೂರಿ ಪಾಸಾದ್ಳು, ಗಣಿತದಾಗ ನಲವತ್ತೊಂದು. ಅವರಪ್ಪ ತನ್ನ ಮಾತು ನಡಸಿದ. ಆದ್ರ ಆಕಿ ಪಾಸಾಗತಾಳ ಅನ್ನೂದು ನನಗ ಪರೀಕ್ಷಾಕ್ಕಿಂತ ಒಂದು ತಿಂಗಳ ಮೊದಲ ಗೊತ್ತಾಗಿತ್ತು.

ಅವತ್ತು ನಾ ಬೋರ್ಡಿನ ಮ್ಯಾಲ ಒಂದು ಸಮೀಕರಣ ಬಿಡಸಾಕತ್ತಿದ್ದೆ. ಐವತ್ತೆಂಟು ಮಂದಿ ತಲಿ ಬಗ್ಗಿಸಿ ಬರಕೊಳ್ಳಾಕತ್ತಿದ್ರು. ಕಸ್ತೂರಿ ಎದ್ದು ನಿಂತ್ಳು.

“ಸರ್, ಆ ಕಡೆ ಹೋದ ಮ್ಯಾಲೂ ಅದು ಪ್ಲಸ್ ಹೆಂಗ ಉಳೀತ್ರಿ?”

ತಿರುಗಿ ನೋಡಿದೆ. ಮೈನಸ್ ಆಗಬೇಕಾಗಿತ್ತು, ನಾನ ಮರತಿದ್ದೆ. “ತಪ್ಪಾತವ್ವಾ” ಅಂದು ಒರಸಿದೆ. ಮುಂದಿನ ಬೆಂಚಿನ ಸವಿತಾನ ವಹಿ ಕಡೆ ಕಣ್ಣು ಹೋತು. ಆಕಿ ತನ್ನ ವಹಿಯಾಗ ಯಾವಾಗಲೋ ಮೈನಸ್ ಮಾಡಿಕೊಂಡು ಸುಮ್ಮನ ಕುಂತಿದ್ಳು. ಆಕಿ ಬಾಜೂಕಿನಾಕೀದೂ ಹಂಗ ಇತ್ತು. ಇಪ್ಪತ್ತೆರಡು ವರ್ಷದಾಗ ಎಷ್ಟು ಮಕ್ಕಳು ನನ್ನ ತಪ್ಪು ಕಂಡೂ ಕಾಣಲಾರದಂಗ, ಮರ್ಯಾದಿಯಿಂದ ತಮ್ಮಷ್ಟಕ್ಕ ತಾವ ತಿದ್ದಿಕೊಂಡು ಮನಿಗೆ ಹೋಗ್ಯಾರೋ! ಗೊತ್ತಾಗಲಾರದವರು ಮಾತ್ರ ನನ್ನನ್ನ ನಂಬಿ, ನನ್ನ ತಪ್ಪನ್ನ ಇದ್ದಂಗ ಬರಕೊಂಡು ಹೋಗಿರಬೇಕು.