ಎರಡನೆಯ ಹಗ್ಗ ಕಟ್ಟುವ ಜಾಗ

ಓದುವ ಎಲ್ಲರಿಗೂ ಟಿಕೋಟಾದಿಂದ ನಮಸ್ಕಾರ. ನಾನು ಅಕ್ಷರ ಕಲಿತದ್ದು ತಡವಾಗಿ. ಮದುವೆಯಾದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಹತ್ತನೆಯ ತರಗತಿ ಪಾಸಾದವನು. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ, ಮಾತು ಹಿಂದೆ ಮುಂದೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಕೆಲಸ ಮರ ಹತ್ತುವುದು. ಬೇಸಿಗೆ ಬಂತೆಂದರೆ ಹುಣಸೆ ಉದುರಿಸುತ್ತೇವೆ. ಉಳಿದ ದಿನ ವಿಜಯಪುರದಲ್ಲಿ ಮನೆಗಳ ಮೇಲೆ ಬಾಗಿದ ಟೊಂಗೆ ಕಡಿಯುತ್ತೇವೆ. ಇದನ್ನು ಕಲಿಸಿದವನು ನನ್ನ ತಾಯಿಯ ತಮ್ಮ, ನನ್ನ ಸೋದರಮಾವ. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ, ಎರಡೂ ತುದಿಗೆ ಹಗ್ಗ ಬಿಗಿದು, ಟೊಂಗೆಗೆ ತೂಗುಹಾಕಿ ಅದರಲ್ಲಿ ಕೂರುತ್ತಿದ್ದ. ಎರಡೂ ಕೈ ಖಾಲಿ ಇರುತ್ತಿದ್ದವು. ಅದನ್ನು ಅವನು ಜೋಕಾಲಿ ಎನ್ನುತ್ತಿದ್ದ.

ಟೊಂಗೆ ಆರಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಕುಡುಗೋಲಿನ ಬೆನ್ನಿನಿಂದ ಬಡಿದು ಕಿವಿ ಇಟ್ಟು ಕೇಳಬೇಕು. ಸಪ್ಪಳ ಗಟ್ಟಿ ಬಂದರೆ ಆ ಟೊಂಗೆಯೇ ನಮ್ಮ ಮನೆ. ಜೋಕಾಲಿ, ನೀರಿನ ಬಾಟಲಿ, ರೊಟ್ಟಿ ಗಂಟು, ಎಲ್ಲ ಅದಕ್ಕೇ ಕಟ್ಟುವುದು. ಒಮ್ಮೆ ಒಪ್ಪಿದ ಟೊಂಗೆಯನ್ನು ಮತ್ತೆ ಅನುಮಾನಿಸುವಂತಿಲ್ಲ.

ಎರಡು ವರ್ಷದ ಹಿಂದೆ ಮಮದಾಪುರದ ಕೆರೆಯ ಹತ್ತಿರ ಒಂದು ಬೇವಿನ ಮರದಲ್ಲಿ, ಹಾಗೆ ಬಡಿದು ನೋಡಿದ ಟೊಂಗೆಯೇ ಮುರಿಯಿತು. ಮಾವನ ತೊಡೆಯ ಎಲುಬು ಮುರಿದು ಒಳಗೆ ರಾಡು ಕೂಡಿಸಿದರು. ಅವನು ನಡೆಯುವಂತಾದ ದಿನವೇ ಅವನ ಹೆಂಡತಿ, ನನ್ನ ಅತ್ತೆ, ಹಗ್ಗ, ಕುಡುಗೋಲು ಎರಡನ್ನೂ ತವರಿಗೆ ಸಾಗಿಸಿಬಿಟ್ಟಳು. ಮಾವ ಕಟ್ಟೆಯ ಮೇಲೆ ಕೂತು ಎದುರಿನ ಮನೆಯ ನುಗ್ಗೆಮರ ನೋಡುತ್ತಿದ್ದ. ಊಟ ಅರ್ಧಕ್ಕೆ ಇಳಿಯಿತು. ಮಾತು ಅದಕ್ಕಿಂತ ಕಡಿಮೆಯಾಯಿತು.

ಅಂಥ ದಿನಗಳಲ್ಲಿ ನನ್ನ ಮೊಬೈಲಿಗೆ ಒಂದು ವಿಡಿಯೊ ಬಂತು. ಯಾವುದೋ ದೇಶದ ಬೇಟೆಗಾರರು ಮರದಲ್ಲಿ ಪಟ್ಟಿಯೊಳಗೆ ಜೋತು ಕೂತಿದ್ದರು. ಬೇಟೆ ನಮ್ಮಲ್ಲಿ ಅಪರಾಧ, ನನಗದು ಬೇಕಾಗಿಯೂ ಇಲ್ಲ. ಭಾಷೆ ತಿಳಿಯಲಿಲ್ಲ, ಅವರ ಕೈಗಳನ್ನಷ್ಟೇ ನೋಡಿದೆ. ಕೂರಲು ಒಂದು ಹಗ್ಗ. ಜಾರಿದರೆ ಹಿಡಿಯಲು ಮೈಗೆ ಬೆಲ್ಟು, ಅದಕ್ಕೆ ಇನ್ನೊಂದು ಹಗ್ಗ. ಮಾವನಿಗೆ ತೋರಿಸಿದೆ.

"ಲೇ, ಇವ್ರು ನನ್ನ ಜೋಕಾಲಿ ಕದ್ದಾರಲೇ!" ಎಂದ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಟವರ್ ಹತ್ತುವವರ ಬೆಲ್ಟು ಸಿಕ್ಕಿತು. ತೊಡೆಗೆ, ಎದೆಗೆ ಪಟ್ಟಿ, ಬೆನ್ನಿಗೆ ಕೊಕ್ಕೆ. ಅತ್ತೆ ಅದನ್ನು ಮುಟ್ಟಿ, ಜಗ್ಗಿ, ತಿರುವಿ ನೋಡಿದಳು.

"ನಾನೂ ಬರ್ತೀನಿ. ನಾ ಹೂಂ ಅಂದ ಮ್ಯಾಲೇ ಹತ್ತಬೇಕು" ಎಂದಳು.

ಹೊನವಾಡದಲ್ಲಿ ದ್ರಾಕ್ಷಿ ತೋಟದ ಬದುವಿನ ಮೇಲೆ ಒಂದು ಹುಣಸೆ ಮರ ಗುತ್ತಿಗೆ ಹಿಡಿದಿದ್ದೆವು. ಬೆಳಗಿನ ಬಸ್ಸಿಗೆ ಮೂವರೂ ಹೋದೆವು. ಬೆಲ್ಟು ಹಾಕಿಕೊಂಡ ಮಾವ ಏಣಿಯ ಮೇಲೆ ನಿಂತು ನನ್ನ ಕುಡುಗೋಲಿನಿಂದ ಮೊದಲ ಟೊಂಗೆ ಬಡಿದು ಕೇಳಿದ. ಸಪ್ಪಳ ಚಲೋ ಬಂತು. ನಾನು ಮೇಲೆ ಹೋಗಿ ಜೋಕಾಲಿಯ ಹಗ್ಗ ಅದಕ್ಕೆ ಕಟ್ಟಿದೆ. ಬೆಲ್ಟಿನ ಹಗ್ಗವನ್ನೂ ಅದರ ಪಕ್ಕಕ್ಕೇ ಬಿಗಿದೆ. ಗಟ್ಟಿ ಟೊಂಗೆ ಬಿಟ್ಟು ಬೇರೆಲ್ಲಿ ಕಟ್ಟಬೇಕು? ನನ್ನ ತಲೆಗೆ ಬೇರೆ ಏನೂ ಹೊಳೆಯಲಿಲ್ಲ.

ಹಣ್ಣು ಬೀಳಲೆಂದು ಕೆಳಗೆ ದೊಡ್ಡ ಬಟ್ಟೆ ಹಾಸುತ್ತಿದ್ದ ಅತ್ತೆ ತಲೆ ಎತ್ತಿದಳು. ಜೀವಮಾನದಲ್ಲಿ ಮರ ಹತ್ತಿದವಳಲ್ಲ.

"ಏ ತಮ್ಮಾ, ಎರಡೂ ಹಗ್ಗ ಒಂದ ಟೊಂಗಿಗೆ ಕಟ್ಟೀಯಲ್ಲ, ಟೊಂಗಿನ ಮುರದ್ರ ಎರಡನೇದು ಏನ ಮಾಡ್ತೈತಿ?"

ಮಾವನಿಗೆ ಸಿಟ್ಟು ಬಂತು. "ನಾ ಬಡದು ನೋಡೇನಿ. ಗಿಡದ ಮಾತು ನಿನಗೇನ ಗೊತ್ತು?"

"ಆ ಬೇವಿನ ಟೊಂಗಿನೂ ಬಡದ ನೋಡಿದ್ರಿ."

ಮಾವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ, "ಬಿಚ್ಚಲೇ ಅಳಿಯಾ. ಮ್ಯಾಲ ಬೊಡ್ಡಿಗೆ ಕಟ್ಟು" ಎಂದ. ಟೊಂಗೆಗಿಂತ ಮೇಲೆ, ಮರದ ಕಾಂಡಕ್ಕೇ ಎರಡು ಸುತ್ತು ಸುತ್ತಿ ಬಿಗಿದೆ. ಅತ್ತೆ ಹೂಂ ಅಂದಳು. ಮಾವ ಹತ್ತಿದ.

ಎರಡು ತಾಸು ಚೆನ್ನಾಗಿ ನಡೆಯಿತು. ಗಳದಿಂದ ಬಡಿದರೆ ಹಣ್ಣು ಉದುರುತ್ತಿತ್ತು, ಅತ್ತೆ ಆರಿಸುತ್ತಿದ್ದಳು, ಮಾವ ಮೇಲಿಂದ ಎಲ್ಲೆಲ್ಲಿ ಹಣ್ಣು ಉಳಿಯಿತೆಂದು ಹೇಳಿ ಅವಳನ್ನೇ ಕಾಡುತ್ತಿದ್ದ. ಪಕ್ಕದ ಟೊಂಗೆಗೆ ಹೋಗಬೇಕಾಯಿತು. ಹಾಗೆ ದಾಟುವಾಗ ಜೋಕಾಲಿ ಬಿಚ್ಚಲೇಬೇಕು. ಬಿಚ್ಚಿ ಒಂದು ಹೆಜ್ಜೆ ಇಟ್ಟ. ರಾಡು ಹಾಕಿದ ಕಾಲು ಮಡಚಿತು.

ಒಂದು ಮೊಳದಷ್ಟು ಬಿದ್ದ, ಅಷ್ಟೇ. ಬೆಲ್ಟು ಹಿಡಿಯಿತು. ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಅರ್ಧ ಸುತ್ತು ತಿರುಗಿದ. ಕೆಳಗೆ ಅತ್ತೆ ಕೈಯಲ್ಲಿದ್ದ ಹಣ್ಣು ಹಿಡಿದುಕೊಂಡೇ ಬುಡಕ್ಕೆ ಓಡಿ ಬಂದಳು. ನಾನು ಕವಲಿನಿಂದ ಕೈ ಚಾಚಿ ಅವನ ಅಂಗಿ ಹಿಡಿದೆ.

"ಅಂಗಿ ಹರೀಬ್ಯಾಡಲೇ, ಹೊಸಾದು. ಬೆಲ್ಟ್ ಬಗಲಾಗ ಕಚ್ಚಾಕತ್ತೈತಿ, ಲಗೂ ಎಳಿ!"

ಎಳೆದು ಟೊಂಗೆಯ ಮೇಲೆ ಕೂರಿಸಿದೆ.

ನಿಜ ಹೇಳಬೇಕು. ಆ ಹುಣಸೆ ಟೊಂಗೆ ಮುರಿಯಲಿಲ್ಲ, ಇಂದಿಗೂ ಗಟ್ಟಿ ಇದೆ. ಎರಡೂ ಹಗ್ಗ ಅದಕ್ಕೇ ಇದ್ದಿದ್ದರೂ ಆ ದಿನ ಮಾವ ಉಳಿಯುತ್ತಿದ್ದ. ತಿರುಗಿ ಬರುವಾಗ ಬಸ್ಸಿನ ತುಂಬ ಅವನು ಇದನ್ನೇ ವಾದಿಸಿದ. ಟಿಕೋಟಾ ಬರುವ ತನಕ ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಇಳಿಯುವಾಗ ಹೇಳಿದಳು: "ಬೇವಿನ ಟೊಂಗಿ ನಮ್ಮನ್ನ ಕೇಳಿ ಮುರೀಲಿಲ್ರಿ."

ಮರುದಿನ ಮಾವ ತಾನೇ ಕೇಳಿದ, "ಇವತ್ತ ಹೋಗ್ಲೇನು?" ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಹೋಗ್ರಿ. ನಾ ಬರೂತನಾ ಹತ್ತಬ್ಯಾಡ್ರಿ" ಎಂದಳು. ಅವನು ಆ ದಿನ ಮೂರು ರೊಟ್ಟಿ ತಿಂದ.

ಈಗ ನಮ್ಮ ಪದ್ಧತಿ ಸ್ವಲ್ಪ ಉದ್ದವಾಗಿದೆ. ಮಾವ ಟೊಂಗೆ ಬಡಿದು ಕೇಳುತ್ತಾನೆ, ನಾನು ಕಟ್ಟುತ್ತೇನೆ, ಅತ್ತೆ ಬಿಸಿಲಿಗೆ ಹಣೆಯ ಮೇಲೆ ಕೈ ಅಡ್ಡ ಹಿಡಿದು ಎರಡೂ ಗಂಟು ಬೇರೆ ಬೇರೆ ಇವೆಯೇ ಎಂದು ನೋಡುತ್ತಾಳೆ.

ನಿಮ್ಮ ಮನೆಯಲ್ಲಿ ಮರ, ಬಾವಿ, ಟವರ್ ಎಂದು ಎತ್ತರ ಆಳದ ಕೆಲಸ ಮಾಡುವವರಿದ್ದರೆ, ಅವರು ಎರಡನೆಯ ಹಗ್ಗವನ್ನು ಎಲ್ಲಿ ಕಟ್ಟುತ್ತಾರೆ, ಕೆಳಗಿಂದ ನೋಡುವವರು ಯಾರು, ದಯವಿಟ್ಟು ಬರೆಯಿರಿ. ನಾನು ಓದುವುದೂ ನಿಧಾನ, ಆದರೆ ಎಲ್ಲವನ್ನೂ ಓದುತ್ತೇನೆ, ಮಾವನಿಗೂ ಓದಿ ಹೇಳುತ್ತೇನೆ.